ಪಂಚಾಯಿತಿ ಚುನಾವಣೆ: ಅರ್ಧ ಸ್ಥಾನಗಳು ಮಹಿಳೆಯರವು

ಮಾನ್ಯರೇ,

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಚುನಾವಣೆಯಿಲ್ಲ, ಆಡಳಿತಾಧಿಕಾರಿಗಳದ್ದೇ ಕಾರುಬಾರು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ಕಾರಣಗಳು ಬದಲಾಗುತ್ತಿವೆ. ಆ ಸ್ಥಾನಗಳಲ್ಲಿ ಅರ್ಧದಷ್ಟು ಕಾನೂನಿನಂತೆ ಮಹಿಳೆಯರವು ಎಂಬ ಮಾತನ್ನು ಮಾತ್ರ ಯಾವ ಪಕ್ಷವೂ ಎತ್ತುವುದಿಲ್ಲ.

2016ರಲ್ಲಿ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಕ್ಷೇತ್ರದಿಂದ ನಾನು ತಾಲ್ಲೂಕು ಪಂಚಾಯಿತಿಗೆ ಆರಿಸಿ ಬಂದೆ. ಗಂಡ ಹೇಳಿದಂತೆ ಕೈ ಎತ್ತುವ ಸದಸ್ಯೆಯರು ಅಲ್ಲಿ ಇದ್ದದ್ದು ನಿಜ. ಆಗ ಒಂದು ಬಾಲಕಿಯರ ಹಾಸ್ಟೆಲ್‌ನ ಸ್ನಾನದ ಮನೆಗಳಿಗೆ ಚಿಲಕವೇ ಇರಲಿಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಸಾಮಾನ್ಯ ಸಭೆಯಲ್ಲಿ ಕೇಳಿದರೆ ‘ಅನುದಾನ ಬರಲಿ, ನೋಡೋಣ’ ಎಂದರು. ಪಟ್ಟು ಹಿಡಿದು ನಡಾವಳಿಯಲ್ಲಿ ಬರೆಸಿದೆ. ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ, ಅಂದರೆ ಹಿಂದಿನ ಸಭೆಯ ವಿಷಯಗಳಿಗೆ ಏನು ಕ್ರಮವಾಯಿತು ಎಂಬ ವರದಿ ಓದುವಾಗ ಅಧಿಕಾರಿ ಎಲ್ಲರೆದುರು ಎದ್ದು ನಿಂತು ಉತ್ತರ ಕೊಡಬೇಕಾಯಿತು. ಚಿಲಕ ಬಂತು. ಅಲ್ಲಿಯವರೆಗೆ ಸುಮ್ಮನಿದ್ದ ಸದಸ್ಯೆಯರೂ ಅಂಗನವಾಡಿ ನೀರು, ನಮ್ಮ ಕೇರಿಯ ಸ್ಮಶಾನದ ದಾರಿ ಎಂದು ಒಂದೊಂದೇ ಕೇಳತೊಡಗಿದರು. ಈಗ ಆ ಸಭೆಯೇ ಇಲ್ಲ. ಯಾರನ್ನು ಕೇಳುವುದು?

ದೇಶದಾದ್ಯಂತ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1983ರ ಕಾಯ್ದೆಯಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಅದಕ್ಕಾಗಿ ದುಡಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಕೊಳವೆಬಾವಿಗಳಿಗಾಗಿ ‘ನೀರ್ ಸಾಬ್’ ಎಂದು ನೆನೆಯುತ್ತಾರೆ. ನನ್ನಂಥವರಿಗೆ ಸಭೆಯಲ್ಲಿ ಕುರ್ಚಿ ಕೊಡಿಸಿದವರೂ ಅವರೇ. ಅವರ ಹೆಸರಿನ ಸಂಸ್ಥೆ ಮೈಸೂರಿನಲ್ಲಿದೆ, ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತದೆ. ತಾಲ್ಲೂಕು, ಜಿಲ್ಲೆಗಳಲ್ಲಿ ತರಬೇತಿ ಪಡೆಯಲು ಸದಸ್ಯರೇ ಇಲ್ಲದಂತಾಗಿದೆ.

ಗ್ರಾಮ ಪಂಚಾಯಿತಿಯಲ್ಲಿ ಪಳಗಿದ ಹೆಣ್ಣುಮಗಳು ಮುಂದೆ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗಬೇಕು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು 2023ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಗಿದೆ. ನಡುವಿನ ಈ ಎರಡು ಮೆಟ್ಟಿಲುಗಳನ್ನು ಕಿತ್ತುಹಾಕಿದರೆ ಆ ಟಿಕೆಟ್‌ಗಳು ನಾಯಕರ ಹೆಂಡತಿ, ಮಗಳು, ಸೊಸೆಯರ ಪಾಲಾಗುತ್ತವೆಯೇ ಹೊರತು ಕೂಲಿ ಮಾಡಿ ಸದಸ್ಯೆಯಾದವಳಿಗೆ ದಕ್ಕುವುದಿಲ್ಲ.

ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಸರ್ಕಾರ ಇನ್ನು ನೆಪ ಹುಡುಕದೆ ಮೀಸಲಾತಿ ಪಟ್ಟಿಯನ್ನು ಅಂತಿಮಗೊಳಿಸಿ ಚುನಾವಣಾ ದಿನಾಂಕ ಪ್ರಕಟಿಸಲಿ.

– ತಾಲ್ಲೂಕು ಪಂಚಾಯಿತಿ ಮಾಜಿ ಸದಸ್ಯೆ, ಕೊಪ್ಪಳ ಜಿಲ್ಲೆ