ನೀವು ತಂದ ಕಬ್ಬಿನ ಕಣ್ಣಿನಿಂದ ಇನ್ನು ಸಸಿ ಮಾಡಿಕೊಡುವುದಿಲ್ಲ

ಗೋಕಾಕ, ಮೂಡಲಗಿ, ರಾಯಬಾಗ ಕಡೆಯ ಎಲ್ಲ ಸದಸ್ಯ ರೈತರಿಗೆ ನಮಸ್ಕಾರ.

ಬೇಸರದ ಸುದ್ದಿ ಮೊದಲೇ ಹೇಳಿಬಿಡುತ್ತೇವೆ. ಈ ಆಡಸಾಲಿ (ಜುಲೈ-ಆಗಸ್ಟ್ ನಾಟಿಯ) ಹಂಗಾಮಿನಿಂದ, ರೈತರು ತಂದುಕೊಟ್ಟ ಕಬ್ಬಿನ ಕಣ್ಣು, ಅಂದರೆ ಗೆಣ್ಣಿನ ಮೊಗ್ಗು, ತೆಗೆದು ಸಸಿ ಮಾಡಿಕೊಡುವುದು ಬಂದ್. ನಮ್ಮದೇ ಬೀಜದ ಪ್ಲಾಟಿನ ಸಸಿ ಮಾತ್ರ ಸಿಗುತ್ತದೆ. ದರ ಸಸಿಗೆ 2 ರೂಪಾಯಿ ಇದ್ದದ್ದು 2 ರೂಪಾಯಿ 60 ಪೈಸೆ ಆಗುತ್ತದೆ. ನಾಲ್ಕೂವರೆ ಅಡಿ ಸಾಲು, ಎರಡಡಿ ಅಂತರ ಹಿಡಿದರೆ ಎಕರೆಗೆ 4,840 ಸಸಿ. ಅಂದರೆ ಎಕರೆಗೆ 2,900 ರೂಪಾಯಿಯಷ್ಟು ಹೆಚ್ಚಿನ ಖರ್ಚು. ಕಾರ್ಖಾನೆಯ ಬಿಲ್ಲಿಗೆ ಕಾಯುತ್ತ ಕೂತವರಿಗೆ ಇದು ಸಣ್ಣ ಮಾತಲ್ಲ, ಗೊತ್ತು.

ಹೋದ ವರ್ಷ ನಮ್ಮಿಂದ ಸಸಿ ಒಯ್ದ ಕೆಲವರ ಹೊಲದಲ್ಲಿ ಕಬ್ಬಿನ ಬದಲು ಹುಲ್ಲು ಎದ್ದಿತು. ಒಂದೊಂದು ಗಡ್ಡೆಯಿಂದ ಹತ್ತಾರು ಸಣಕಲು ಮರಿ, ಬೆಳ್ಳಗಾದ ಸಪೂರ ಎಲೆ, ಗಣಿಕೆ ಕಟ್ಟುವ ಹೆಸರೇ ಇಲ್ಲ. ಮೊದಲು ನಾವು ಸುಣ್ಣದ ಭೂಮಿಗೆ ಕಬ್ಬಿಣದ ಕೊರತೆ ಇರಬೇಕು ಅಂದೆವು, ಸಿಂಪರಣೆಯನ್ನೂ ಹೇಳಿದೆವು. ತಪ್ಪು ನಮ್ಮದು. ಅದು ಹುಲ್ಲಿನ ಜಡೆ ರೋಗ. ರಿಜಿಸ್ಟರ್ ತೆಗೆದು ನೋಡಿದರೆ ಆ ಸಸಿಗಳೆಲ್ಲ ಒಂದೇ ಹೊಲದ ಕುಳೆ ಕಬ್ಬಿನವು, ಅಂದರೆ ಕಟಾವಾದ ಬುಡದಿಂದ ಮತ್ತೆ ಚಿಗುರಿದ ಕಬ್ಬಿನವು. ತಂದುಕೊಟ್ಟವರಿಗೂ ಗೊತ್ತಿರಲಿಲ್ಲ, ಕಣ್ಣು ತೆಗೆದ ನಮ್ಮ ಹೆಣ್ಣುಮಕ್ಕಳಿಗೂ ಗೊತ್ತಾಗಲಿಲ್ಲ. ಮೇಲಿಂದ ನೋಡಿದರೆ ಕಬ್ಬು ಕಬ್ಬೇ.

ಕಬ್ಬಿನ ಕಷ್ಟವೇ ಇದು. ಜೋಳಕ್ಕೆ ಪ್ರತಿವರ್ಷ ಹೊಸ ಬೀಜ ಹುಟ್ಟುತ್ತದೆ. ಕಬ್ಬಿಗೆ ಹಾಗಿಲ್ಲ; ನಾವು ನೆಡುವುದು ಅದೇ ಹಳೇ ಗಿಡದ ತುಂಡು. 2000ನೇ ಇಸವಿಯಲ್ಲಿ ಬಿಡುಗಡೆಯಾದ ಕೋ 86032 ತಳಿ ಇವತ್ತು ನಿಮ್ಮ ಹೊಲದಲ್ಲಿ ಇದ್ದರೆ, ತುಂಡಿನಿಂದ ತುಂಡಿಗೆ ದಾಟಿ ಬಂದದ್ದೇ ಇದೆ. ದಾರಿಯಲ್ಲಿ ಯಾವ ಹೊಲದಲ್ಲಿ ಯಾವ ರೋಗ ಹತ್ತಿತೋ ಅದೂ ಜೊತೆಗೇ ಬಂತು. ಕುಳೆ ಕುಂಠಿಸುವ ರೋಗಕ್ಕಂತೂ ಹೊರಗೆ ಒಂದು ಗುರುತೂ ಇರುವುದಿಲ್ಲ. ಕಬ್ಬು ಸುಮ್ಮನೆ ಗಿಡ್ಡಾಗುತ್ತ, ಸಣ್ಣಾಗುತ್ತ ಹೋಗುತ್ತದೆ. ಕಟಾವಿನ ಕೊಯ್ತಾಕ್ಕೆ ಅಂಟಿದ ರಸ ಸಾಕು ಅದು ಹರಡಲು. ‘86032 ಹಳೇದಾತು, ತಳಿ ಬದಲಿ ಮಾಡ್ರಿ’ ಎಂದು ಪ್ರತಿ ಸಭೆಯಲ್ಲೂ ಕೇಳುತ್ತೀರಿ. ಎಷ್ಟೋ ಸಲ ಹಳೆಯದಾದದ್ದು ತಳಿಯಲ್ಲ, ಬೀಜ.

ಹಾಗಾಗಿ ಹೋದ ಅಕ್ಟೋಬರಿನಲ್ಲೇ ಬೇರೆ ಪ್ಲಾಟು ಹಾಕಿದೆವು. ಸಂಶೋಧನಾ ಕೇಂದ್ರದ ಮೂಲ ಬೀಜ ತಂದು, ತುಂಡುಗಳನ್ನು 50 ಡಿಗ್ರಿ ಬಿಸಿನೀರಿನಲ್ಲಿ 2 ತಾಸು ಇಟ್ಟು ನಾಟಿ ಮಾಡಿದೆವು. ನೀರು ತಣ್ಣಗಾದರೆ ರೋಗ ಉಳಿಯುತ್ತದೆ, ಜಾಸ್ತಿ ಕಾದರೆ ಕಣ್ಣು ಸಾಯುತ್ತದೆ. ಥರ್ಮಾಮೀಟರಿನ ಮುಂದೆ ಒಬ್ಬ ಕೂತೇ ಇರಬೇಕು. ಇಷ್ಟು ಮಾಡಿದರೂ ಒಂದಷ್ಟು ಕಣ್ಣು ಮೊಳೆಯಲಿಲ್ಲ. ಹೆಚ್ಚಿದ 60 ಪೈಸೆಯಲ್ಲಿ ಆ ನಷ್ಟ, ಪ್ಲಾಟಿನ ಬಾಡಿಗೆ, ಸಂಶಯದ ಗಡ್ಡೆ ಕಿತ್ತು ಸುಡುವವರ ಕೂಲಿ ಎಲ್ಲ ಸೇರಿದೆ. ಈಗ ಆ ಕಬ್ಬಿಗೆ ಎಂಟು ತಿಂಗಳು ತುಂಬುತ್ತಿದೆ, ಕಣ್ಣು ತೆಗೆಯಲು ಹದವಾಗಿದೆ.

ಬಿಸಿನೀರು ಎಲ್ಲಕ್ಕೂ ಮದ್ದು ಎಂದು ಮಾತ್ರ ತಿಳಿಯಬೇಡಿ. ಕೆಂಪು ಕೊಳೆ ರೋಗಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಅದಕ್ಕೇ ಕಣ್ಣು ತೆಗೆಯುವ ಮುಂಚೆ ಕಬ್ಬು ಸೀಳಿ ನೋಡುತ್ತೇವೆ. ಒಳಗೆ ಕೆಂಪಾಗಿ, ನಡುನಡುವೆ ಬಿಳಿ ಪಟ್ಟೆ ಬಂದು, ಹುಳಿ ವಾಸನೆ ಹೊಡೆದರೆ ಆ ಗಡ್ಡೆಯೇ ಬೇಡ. ನಮ್ಮ ಸಸಿ ನಿಮ್ಮ ಹೊಲಕ್ಕೆ ಬಂದ ಮೇಲೂ ಪಕ್ಕದ ಹೊಲದಿಂದ ಕಾಡಿಗೆ ರೋಗ (ಕಪ್ಪು ಪುಡಿಯ ರೋಗ) ಗಾಳಿಯಲ್ಲಿ ಬರಬಹುದು, ಜಿಗಿಹುಳದಿಂದ ಹುಲ್ಲಿನ ಜಡೆ ಬರಬಹುದು. ಕಾಡಿಗೆ ರೋಗದ ಕಪ್ಪು ಚಾಟಿಯಂಥ ಸುಳಿ ಕಂಡರೆ ಅಲ್ಲಾಡಿಸಬೇಡಿ, ಚೀಲ ಮುಚ್ಚಿ ಕತ್ತರಿಸಿ, ಬುಡ ಸಮೇತ ಕಿತ್ತು ಸುಡಿ. ಗುರುತು ಸಿಗದಿದ್ದರೆ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲೋ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ನಾವು ಮಾಡಿದಂತೆ ಅಂದಾಜಿನ ಮೇಲೆ ಔಷಧ ಹೊಡೆಯಬೇಡಿ.

ಸಸಿ ತಯಾರಾಗಲು 25ರಿಂದ 30 ದಿನ ಬೇಕು. ಜುಲೈ ನಾಟಿಯವರು ಜೂನ್ 5ರೊಳಗೆ ಹೆಸರು ಹಚ್ಚಬೇಕು. ಪ್ಲಾಟು ಸಣ್ಣದು, ಈ ಸಲ ಒಬ್ಬ ಸದಸ್ಯರಿಗೆ ಎರಡೆಕರೆಗಾಗುವಷ್ಟು ಮಾತ್ರ. ನಿರ್ದೇಶಕರಿಗೂ ಅಷ್ಟೇ, ಫೋನು ಮಾಡಿಸಬೇಡಿ. ಸ್ವಂತ ಕಬ್ಬಿನಿಂದ ಸಸಿ ಮಾಡಿಸಲು ಈಗಾಗಲೇ ಮುಂಗಡ ಕೊಟ್ಟವರು ರಸೀದಿ ತಂದರೆ ಹಣ ವಾಪಸ್. ಹೋದ ವರ್ಷ ಹುಲ್ಲು ಎದ್ದ ಹೊಲದವರಿಗೆ, ಆಗ ಒಯ್ದಷ್ಟೇ ಸಸಿ ಬಿಟ್ಟಿ ಕೊಡುತ್ತೇವೆ. ಆದರೆ ಹಳೇ ಗಡ್ಡೆ ಪೂರ್ತಿ ಕಿತ್ತು ಹೊಲ ಹಸನಾದದ್ದನ್ನು ನಮ್ಮ ಹುಡುಗ ಬಂದು ನೋಡಿದ ಮೇಲೆ.

ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ