ಮಿನಿ ಟ್ರ್ಯಾಕ್ಟರ್ ಅರ್ಧ ಗಂಟೆ ತಡ: ಕಾರಣ ಇದು

ಆತ್ಮೀಯ ಗ್ರಾಹಕರಿಗೆ, ನಮಸ್ಕಾರ.

ಆರು ಗಂಟೆಗೆ ಬರಬೇಕಿದ್ದ ಟ್ರ್ಯಾಕ್ಟರ್ ಆರೂವರೆಗೆ ಬಂತು, ಆಳುಗಳು ಸುಮ್ನೆ ಕೂತಿದ್ದರು ಎಂದು ಈ ವಾರ ಮೂರ್ನಾಲ್ಕು ಜನ ಫೋನ್ ಮಾಡಿದ್ದೀರಿ. ಡ್ರೈವರ್‌ಗಳನ್ನು ಬೈಯಬೇಡಿ. ನಿಮಗೆ ಹೇಳದೆ ಟ್ರ್ಯಾಕ್ಟರನ್ನು ಟ್ರೇಲರ್‌ಗೆ ಕಟ್ಟುವ ಪದ್ಧತಿ ಬದಲಾಯಿಸಿದವರು ನಾವು, ತಡ ಆಗಿದ್ದು ಅದರಿಂದ. ಕ್ಷಮಿಸಿ.

ಇಷ್ಟು ದಿನ ಬೇಲೂರಿನ ನಮ್ಮ ಶೆಡ್ಡಿನಿಂದ ಟ್ರ್ಯಾಕ್ಟರನ್ನು ಟ್ರೇಲರ್‌ಗೆ ಹತ್ತಿಸಿ, ಪ್ಲಾಸ್ಟಿಕ್ ಹಗ್ಗ ಬಿಗಿದು ಕಳಿಸುತ್ತಿದ್ದೆವು. ಈ ಮಳೆಗಾಲದಲ್ಲಿ ಅರೇಹಳ್ಳಿ ಕಡೆ ಹೋಗುವಾಗ ಹಂಪಿನಲ್ಲಿ ಗಾಡಿ ಎಗರಿತು. ಡ್ರೈವರ್ ಇಳಿದು ನೋಡಿದರೆ ಟ್ರ್ಯಾಕ್ಟರ್ ಒಂದು ಗೇಣು ಹಿಂದಕ್ಕೆ ಸರಿದಿದೆ. ಬೀಳಲಿಲ್ಲ, ಸರಿ. ಆದರೆ ಹಿಂದೆಯೇ ಒಂದು ಬೈಕ್ ಬರುತ್ತಿತ್ತು. ಗಂಡ, ಹೆಂಡತಿ, ನಡುವೆ ಮಗು.

ಹ್ಯಾಂಡ್‌ಬ್ರೇಕ್ ಹಾಕಿತ್ತು, ಗೇರಲ್ಲೂ ಇತ್ತು. ಗಾಲಿ ತಿರುಗಲಿಲ್ಲ, ಒದ್ದೆ ತಗಡಿನ ಮೇಲೆ ಜಾರಿತು. ಟ್ರ್ಯಾಕ್ಟರಿನ ಟೈರಿಗೆ ಇನ್ನೊಂದು ಗುಣ ಇದೆ. ಹಂಪು ಸಿಕ್ಕಾಗ ಅದು ಅದುಮಿಕೊಳ್ಳುತ್ತದೆ, ಆಗ ಹಗ್ಗ ಸಡಿಲ. ಮೇಲೆದ್ದಾಗ ಹಗ್ಗವನ್ನು ಜಗ್ಗುತ್ತದೆ. ಹತ್ತು ಹಂಪು ದಾಟುವಷ್ಟರಲ್ಲಿ ಪ್ಲಾಸ್ಟಿಕ್ ಹಗ್ಗ ಹಿಗ್ಗಿರುತ್ತದೆ. ಹಿಂದೆ ಸಿಕ್ಕಿಸಿ ಮಣ್ಣು ಪುಡಿ ಮಾಡುವ ರೋಟವೇಟರ್ ಸೇರಿದರೆ ಒಂದು ಟನ್ನಿನ ಆಸುಪಾಸು ತೂಗುವ ಯಂತ್ರ ಇದು, ಬಟ್ಟೆ ಒಣಗಿಸುವ ಹಗ್ಗ ಸಾಕಾಗುತ್ತಾ?

ಈಗ ನಾಲ್ಕು ಮೂಲೆಗೆ ನಾಲ್ಕು ಸರಪಳಿ. ಮುಂದಿನ ಎರಡು ಮುಂದಕ್ಕೆ ಎಳೆಯುತ್ತವೆ, ಹಿಂದಿನ ಎರಡು ಹಿಂದಕ್ಕೆ. ಪಳಗದ ಹೋರಿಯನ್ನು ಜಾತ್ರೆಗೆ ಒಯ್ಯುವಾಗ ಮುಂದೊಬ್ಬ ಹಿಂದೊಬ್ಬ ಹಗ್ಗ ಹಿಡಿಯುತ್ತಾರಲ್ಲ, ಅದೇ ಲೆಕ್ಕ. ಕೊಕ್ಕೆ ಹಾಕುವುದು ಟ್ರ್ಯಾಕ್ಟರಿನ ಚಾಸಿಗೆ, ಅಂದರೆ ಗಟ್ಟಿ ಚೌಕಟ್ಟಿಗೆ, ಮತ್ತೆ ಹಿಂದಿನ ಆಕ್ಸಲ್‌ಗೆ. ಸ್ಟೇರಿಂಗ್ ರಾಡಿಗೆ ಹಾಕಿದರೆ ಅದು ಬಾಗಿ ಬೇರೆ ಖರ್ಚು. ರೋಟವೇಟರನ್ನು ಪೂರ್ತಿ ಕೆಳಗಿಳಿಸಿ ಅದಕ್ಕೇ ಒಂದು ಐದನೇ ಸರಪಳಿ. ಟ್ರ್ಯಾಕ್ಟರ್ ನಿಲ್ಲಿಸುವ ಜಾಗವೂ ಮುಖ್ಯ. ತೀರಾ ಹಿಂದೆ ನಿಲ್ಲಿಸಿದರೆ ಟ್ರೇಲರ್ ಬಾಲ ಆಡಿಸುತ್ತದೆ, ಇಳಿಜಾರಿನಲ್ಲಿ ಅದನ್ನು ಎಳೆಯುವ ಗಾಡಿಯನ್ನೂ ಅಲ್ಲಾಡಿಸುತ್ತದೆ. ಐದಾರು ಕಿಲೋಮೀಟರ್ ಹೋದ ಮೇಲೆ ಡ್ರೈವರ್ ನಿಲ್ಲಿಸಿ ಇನ್ನೊಮ್ಮೆ ಬಿಗಿ ನೋಡುತ್ತಾರೆ. ದಾರಿಯಲ್ಲಿ ಟೀ ಕುಡಿಯುತ್ತಿದ್ದಾರೆ ಅಂದುಕೊಳ್ಳಬೇಡಿ. ಕುಡಿದರೂ ಕುಡಿಯಲಿ ಬಿಡಿ.

ಟ್ರ್ಯಾಕ್ಟರಿನ ಬಾಡಿಗೆ ಮೊದಲಿನಷ್ಟೇ, ಗಂಟೆ ಲೆಕ್ಕ ನಿಮ್ಮ ತೋಟದಲ್ಲಿ ಇಳಿಸಿದ ಮೇಲೇ ಶುರು. ಸಾಗಾಟಕ್ಕೆ ಮಾತ್ರ ಒಂದು ಸಲಕ್ಕೆ 100 ರೂಪಾಯಿ ಜಾಸ್ತಿ.

ಸ್ವಂತ ಪಿಕಪ್ ತಂದು ಒಯ್ಯುವವರಿಗೆ ಒಂದು ಮಾತು. ಸರಪಳಿ ಸಿಕ್ಕಿಸಲು ಗಟ್ಟಿ ಕಬ್ಬಿಣದ ಬಳೆ ಇಲ್ಲದ ಗಾಡಿಗೆ ಟ್ರ್ಯಾಕ್ಟರ್ ಕೊಡುವುದಿಲ್ಲ. ಹಳೇ ಗಿರಾಕಿ, ನೆಂಟರು ಅನ್ನುವುದೆಲ್ಲ ಇಲ್ಲಿ ನಡೆಯುವುದಿಲ್ಲ. "ಮೇಲೆ ಕೂತು ಹಿಡ್ಕೋತೀನಿ ಬಿಡಿ ಸಾರ್" ಅನ್ನುವ ಹುಡುಗರಿಗಂತೂ ಖಂಡಿತ ಇಲ್ಲ. ವಾಪಸ್ ಹತ್ತಿಸುವ ಮುಂಚೆ ಟೈರಿನ ಕೆಸರನ್ನು ಪೈಪ್ ಹಿಡಿದು ತೊಳೆದುಕೊಡಿ, ಮೆತ್ತಿದ ಕೆಸರು ಹತ್ತುವ ಹಲಗೆಯ ಮೇಲೆ ಜಾರುತ್ತದೆ.

ಶುಂಠಿ ಹೊಲಕ್ಕೆ ಆರು ಗಂಟೆಗೇ ಬೇಕು ಅನ್ನುವವರು ಹಿಂದಿನ ದಿನ ಸಂಜೆ ಐದರೊಳಗೆ ಹೇಳಿ. ರಾತ್ರಿಯೇ ಹತ್ತಿಸಿ ಕಟ್ಟಿಟ್ಟಿರುತ್ತೇವೆ, ಬೆಳಿಗ್ಗೆ ಬಿಗಿ ನೋಡಿ ಹೊರಡುವುದಷ್ಟೇ.

ಇಂತಿ,
ಬಾಡಿಗೆ ಯಂತ್ರಗಳ ವಿಭಾಗ,
ನಿಮ್ಮ ಸಹಕಾರ ಸಂಘ, ಬೇಲೂರು