ಮೇಷ್ಟ್ರ ನೆನಪಿನ ಪುಸ್ತಿಕೆ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೇಷ್ಟ್ರ ನುಡಿನಮನದ ದಿನ ಹಂಚುವ ಪುಸ್ತಿಕೆಗೆ ಬರಹ, ಫೋಟೋ ಬೇಕು. ಎ5 ಅಳತೆ, 32 ಪುಟ. ಮಡಚಿ ನಡುವೆ ಪಿನ್ ಹೊಡೆಯುವುದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಕೊನೇ ಗಳಿಗೆಯಲ್ಲಿ ಒಂದು ಪುಟ ಸೇರಿಸಲು ಬರುವುದಿಲ್ಲ.

ಬರಹ 150 ಪದ ದಾಟದಿರಲಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. "ಆದರ್ಶ ಶಿಕ್ಷಕರು, ಕಾಯಕಯೋಗಿ" ಎಂದಷ್ಟೇ ಬರೆದರೆ ಅವರು ಕಣ್ಣಿಗೆ ಕಟ್ಟುವುದಿಲ್ಲ. ಶಾಲೆ ಬಿಟ್ಟೊಡನೆ ಸೀದಾ ಗದ್ದೆಗೆ ಇಳಿಯುತ್ತಿದ್ದುದು, ಸೈಕಲ್ ಹ್ಯಾಂಡಲ್ಲಿಗೆ ತೂಗುಬಿಟ್ಟ ಕಾಪಿ ಪುಸ್ತಕದ ಚೀಲ, ತಪ್ಪಿದ ಒತ್ತಕ್ಷರದ ಸುತ್ತ ಕೆಂಪು ಶಾಯಿಯ ಪುಟ್ಟ ಸೊನ್ನೆ, ಇಂಥದ್ದು ಬರೆಯಿರಿ. ಇಸವಿ, ತರಗತಿ ಹಾಕಿ.

ಫೋಟೋವನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಕುಗ್ಗಿಸುತ್ತದೆ, ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಆಲ್ಬಮ್ಮಿಗೆ ಅಂಟಿದ ಹಳೇ ಫೋಟೋ ಕೀಳಬೇಡಿ, ಮೇಲ್ಪದರ ಹರಿದೀತು. ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಮನೆಯವರ ಜೊತೆಗಿನ ಫೋಟೋಗಳನ್ನು ಅಮ್ಮನವರು ಒಪ್ಪಿದ ಮೇಲೆಯೇ ಹಾಕುತ್ತೇವೆ.

ಅಪ್ಪನ ಬಗ್ಗೆ ಮಕ್ಕಳು ಬರೆಯಲೆಂದು ನಾಲ್ಕು ಪುಟ ಬಿಟ್ಟಿದ್ದೇವೆ. ದಯವಿಟ್ಟು ಅವರಿಗೆ ಫೋನ್ ಮಾಡಿ ಅವಸರಪಡಿಸಬೇಡಿ. ಉಳಿದವರದು ಭಾನುವಾರ ರಾತ್ರಿಯೊಳಗೆ ಬರಲಿ.